ಸವೆದ ಪಾದದ ಫೋಟೊ

ಪ್ರಶ್ನೆ: ಪ್ರವಾಸ ಹೋದಾಗ ದೊಡ್ಡ ಕಟ್ಟಡಗಳಿಗಿಂತ ಪ್ರತಿಮೆ, ಬೀದಿ ಫಲಕ, ಬಾಗಿಲ ಚಿಲಕ, ಮ್ಯಾನ್‌ಹೋಲ್ ಮುಚ್ಚಳ ಇಂಥವೇ ನನ್ನ ಕಣ್ಣಿಗೆ ಬೀಳುತ್ತವೆ. ಜೊತೆಗೆ ಬಂದವರಿಗೆ ನನ್ನನ್ನು ಕಾಯುವುದೇ ಕೆಲಸ. ಮನೆಗೆ ಬಂದು ನೋಡಿದರೆ ಪ್ರತಿಮೆಗಳೆಲ್ಲ ಕಪ್ಪಗೆ ಬಂದಿರುತ್ತವೆ. ಫಲಕದ ಅಕ್ಷರ ಓದಲು ಆಗುವುದಿಲ್ಲ. ಯಾವುದು ಯಾವ ಊರಿನದು ಅಂತಲೂ ಮರೆತಿರುತ್ತೇನೆ. ನನ್ನ ಹತ್ತಿರ ಇರುವುದು ಮೊಬೈಲ್ ಮಾತ್ರ. ಏನು ಮಾಡಲಿ?

ಉತ್ತರ: ನಿಮ್ಮ ಕಣ್ಣು ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಹೋಗಲಿ. ದೊಡ್ಡ ಕಟ್ಟಡದ ಒಳ್ಳೆಯ ಫೋಟೊ ಯಾರ ಹತ್ತಿರವಾದರೂ ಸಿಗುತ್ತದೆ. ಆ ಚಿಲಕದ ಫೋಟೊ ಇರುವುದು ನಿಮ್ಮ ಹತ್ತಿರ ಮಾತ್ರ.

ಮೊದಲು ಕಪ್ಪಾಗುವ ವಿಷಯ. ಕಂಚಿನ ಪ್ರತಿಮೆಯ ಮೈಬಣ್ಣವೇ ಗಾಢ. ಎತ್ತರದ ಪೀಠದ ಮೇಲೆ ನಿಂತಿರುವುದರಿಂದ ಹಿಂದೆ ಬರೀ ಆಕಾಶ. ಮೊಬೈಲ್ ಆಕಾಶದ ಬೆಳಕನ್ನು ಲೆಕ್ಕಕ್ಕೆ ಹಿಡಿದು ಪ್ರತಿಮೆಯನ್ನು ಇನ್ನೂ ಕಪ್ಪು ಮಾಡಿಬಿಡುತ್ತದೆ. ತೆರೆಯ ಮೇಲೆ ಪ್ರತಿಮೆಯ ಮುಖವನ್ನೇ ಬೆರಳಿನಿಂದ ಒತ್ತಿ, ಬೆಳಕನ್ನು ಸ್ವಲ್ಪ ಹೆಚ್ಚಿಸಿಕೊಳ್ಳಿ. ಆಕಾಶ ಬೆಳ್ಳಗಾದರೆ ಆಗಲಿ, ಮುಖ ಕಾಣಬೇಕು. ಇನ್ನೂ ಸುಲಭದ ದಾರಿ ಎಂದರೆ ಪ್ರತಿಮೆಗೆ ಒಂದು ಸುತ್ತು ಹಾಕುವುದು. ನಾಲ್ಕು ಹೆಜ್ಜೆ ಸರಿದರೆ ಹಿಂದೆ ಮರವೋ ಗೋಡೆಯೋ ಬರುತ್ತದೆ. ಬುಡದಲ್ಲಿ ನಿಂತರೆ ಮೂಗಿನ ಹೊಳ್ಳೆಯೇ ಜಾಸ್ತಿ ಕಾಣುತ್ತದೆ, ದೂರ ಹೋಗಿ ಜೂಮ್ ಮಾಡಿ. ಮೋಡ ಕವಿದಿದೆ ಅಂತ ಬೇಸರ ಬೇಡ. ಆಗ ಕಣ್ಣಿನ ಗುಳಿಗಳಲ್ಲಿ ನೆರಳು ಕಟ್ಟುವುದಿಲ್ಲ.

ಇನ್ನು, ನಾನು ಎಲ್ಲೇ ಹೋದರೂ ಹುಡುಕುವುದು ಜನರ ಕೈ ತಾಗಿ ಸವೆದ ಜಾಗವನ್ನು. ಗಾಳಿ ಮಳೆಗೆ ಕಂಚು ಕಂದಾಗುತ್ತದೆ, ಹಸಿರಾಗುತ್ತದೆ. ಕೈ ತಾಗುವ ಕಡೆ ಮಾತ್ರ ಚಿನ್ನದ ಹಾಗೆ ಹೊಳೆಯುತ್ತಿರುತ್ತದೆ. ವ್ಯಾಟಿಕನ್‌ನ ಸಂತ ಪೀಟರ್ ಬೆಸಿಲಿಕಾದ ಒಳಗೆ ಪೀಟರ್ ಕುಳಿತಿರುವ ಕಂಚಿನ ಪ್ರತಿಮೆ ಇದೆ. ನೂರಾರು ವರ್ಷಗಳಿಂದ ಯಾತ್ರಿಕರು ಮುಟ್ಟಿ, ಮುತ್ತಿಟ್ಟು ಅದರ ಬಲಪಾದದ ಬೆರಳುಗಳು ಸವೆದು ಕೂಡಿಕೊಂಡುಬಿಟ್ಟಿವೆ, ಮುಗಿಯುತ್ತ ಬಂದ ಸೋಪಿನ ಹಾಗೆ. ನಾನು ಮೊದಲು ಇಡೀ ಪ್ರತಿಮೆ ತೆಗೆದೆ. ಪೋಸ್ಟ್‌ಕಾರ್ಡಿನಲ್ಲಿ ಇರುವಂಥದ್ದೇ ಚಿತ್ರ ಬಂತು. ಆಮೇಲೆ ಪಕ್ಕಕ್ಕೆ ಸರಿದು ಸುಮ್ನೆ ನಿಂತೆ. ಒಬ್ಬ ಅಜ್ಜಿ ಬಂದರು. ಕೈಚೀಲವನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯನ್ನು ಆ ಪಾದದ ಮೇಲಿಟ್ಟು ಕಣ್ಣು ಮುಚ್ಚಿದರು. ಅವರ ಮುಖ ಬಿಟ್ಟು, ಕೈ ಮತ್ತು ಪಾದ ಮಾತ್ರ ತೆಗೆದೆ. ಉಬ್ಬಿದ ನರ, ಸುಕ್ಕುಗಟ್ಟಿದ ಚರ್ಮ, ಅದರ ಕೆಳಗೆ ನುಣ್ಣನೆಯ ಲೋಹ. ಆ ಪ್ರವಾಸದ ಫೋಟೊಗಳಲ್ಲಿ ನಾನು ಈಗಲೂ ತೆಗೆದು ನೋಡುವುದು ಅದನ್ನೇ.

ಹಾಗಂತ ನೀವೂ ಹೋಗಿ ಮುಟ್ಟಬೇಡಿ. ಇಟಲಿಯ ವೆರೋನಾದಲ್ಲಿ ಶೇಕ್ಸ್‌ಪಿಯರ್ ನಾಟಕದ ನಾಯಕಿ ಜೂಲಿಯೆಟ್‌ಳ 1972ರ ಪ್ರತಿಮೆ ಪ್ರವಾಸಿಗರ ಕೈಗೆ ಸಿಕ್ಕಿ ಹಾಳಾಗಿ, 2014ರಲ್ಲಿ ಅದನ್ನು ಮ್ಯೂಸಿಯಂ ಒಳಗಿಟ್ಟು ಅಂಗಳದಲ್ಲಿ ನಕಲು ನಿಲ್ಲಿಸಬೇಕಾಯಿತು.

ಅಕ್ಷರಗಳಿಗೆ ಬರೋಣ. ಕಲ್ಲಿನಲ್ಲಿ ಕೆತ್ತಿದ ಬರಹ ಕಾಣಬೇಕಾದರೆ ಬೆಳಕು ಪಕ್ಕದಿಂದ ಬೀಳಬೇಕು. ನೆರಳಿನಲ್ಲಿದ್ದರೆ ಜೊತೆಯವರ ಮೊಬೈಲ್ ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿಸಿ. ಹೊಳೆಯುವ ಲೋಹಕ್ಕೆ ಫ್ಲ್ಯಾಶ್ ಬೇಡವೇ ಬೇಡ. ಜರ್ಮನಿಯ ಬೀದಿಗಳಲ್ಲಿ ಸುಮಾರು 10 ಸೆಂ.ಮೀ. ಅಗಲದ ಹಿತ್ತಾಳೆ ಚೌಕಗಳು ಕಾಲಬುಡದಲ್ಲೇ ಇರುತ್ತವೆ. ಕಲಾವಿದ ಗುಂಟರ್ ಡೆಮ್ನಿಗ್ 1992ರಲ್ಲಿ ಶುರುಮಾಡಿದ ಕೆಲಸ ಅದು. ನಾಜಿಗಳು ಹಿಂಸಿಸಿದ, ಕೊಂದ ಜನರ ಹೆಸರನ್ನು ಅವರು ವಾಸವಿದ್ದ ಮನೆಯ ಮುಂದೆಯೇ ನೆಲದಲ್ಲಿ ಕೂರಿಸಿದ್ದಾರೆ. ಮೊದಲ ಸಲ ತೆಗೆದಾಗ ನನಗೆ ಬರೀ ಬಿಸಿಲಿನ ಹೊಳಪು ಸಿಕ್ಕಿತು. ಮಂಡಿಯೂರಿ ನನ್ನ ನೆರಳನ್ನೇ ಅದರ ಮೇಲೆ ಬೀಳಿಸಿದೆ. ಹೆಸರು ಕಾಣಿಸಿತು. ಎದ್ದು ಹತ್ತು ಹೆಜ್ಜೆ ಹಿಂದೆ ಹೋಗಿ, ಚೌಕವೂ ಮನೆಯ ಬಾಗಿಲೂ ಒಟ್ಟಿಗೆ ಬರುವ ಹಾಗೆ ಇನ್ನೊಂದು ತೆಗೆದೆ. ಆ ಬಾಗಿಲಿನಿಂದ ಒಬ್ಬ ಮನುಷ್ಯನನ್ನು ಹೊರಗೆ ಕರೆದೊಯ್ದರು ಎನ್ನುವುದು ನನಗೆ ತಟ್ಟಿದ್ದು ಆ ಎರಡನೆಯ ಫೋಟೊ ನೋಡಿದಾಗ. ಅಂದಿನಿಂದ ಚಿಲಕವಾಗಲಿ ಫಲಕವಾಗಲಿ, ಹತ್ತಿರದಿಂದ ಒಂದು, ದೂರದಿಂದ ಒಂದು ತೆಗೆಯುತ್ತೇನೆ.

ಎಲ್‌ಇಡಿ ಫಲಕದಲ್ಲಿ ಕಪ್ಪು ಪಟ್ಟಿ ಬಂದರೆ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ (ಎಲ್ಲವನ್ನೂ ನಾವೇ ಹೊಂದಿಸಿಕೊಳ್ಳುವ ಆಯ್ಕೆ) ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕನ್ನು ಹಿಡಿಯುವ ಹೊತ್ತನ್ನು, 1/50 ಸೆಕೆಂಡಿಗೋ ಅದಕ್ಕಿಂತ ನಿಧಾನಕ್ಕೋ ಇಳಿಸಿ.

ಊರು ಮರೆಯುವುದಕ್ಕೆ ಮದ್ದು ಸುಲಭ. ಪ್ರತಿಮೆ ಆದ ಕೂಡಲೇ ಅದರ ಪೀಠದ ಬರಹ, ಬೀದಿಯ ಹೆಸರು ಎರಡನ್ನೂ ತೆಗೆದುಬಿಡಿ. ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ, ಓದುವ ಹಾಗಿದ್ದರೆ ಸಾಕು.

ಜೊತೆಯವರನ್ನು ಕಾಯಿಸಬೇಡಿ. ಬೆಳಿಗ್ಗೆ ಅವರು ಏಳುವ ಮೊದಲು ಒಬ್ಬರೇ ಒಂದು ಗಂಟೆ ಹೊರಗೆ ಹೋಗಿಬನ್ನಿ. ಆಗ ಬಿಸಿಲು ಓರೆಯಾಗಿ ಬೀಳುತ್ತದೆ, ಪ್ರತಿಮೆಯ ಮುಂದೆ ಜನವೂ ಇರುವುದಿಲ್ಲ.