ಬೆಂಗಳೂರಿನ ಮೆಟಲ್ ಸಂಗೀತದ (ಅಬ್ಬರದ ಗಿಟಾರ್, ಡ್ರಮ್ಸ್ ಇರುವ ರಾಕ್) ಅಭಿಮಾನಿಗಳು ದಿನನಿತ್ಯ ಹೇಗಿರುತ್ತಾರೆ? ಒಬ್ಬರನ್ನೊಬ್ಬರು ಹೇಗೆ ಗುರುತು ಹಿಡಿಯುತ್ತಾರೆ?

ಹೆಚ್ಚಿನವರು ನಿಮ್ಮ ಪಕ್ಕದ ಮನೆಯವರ ಹಾಗೇ ಇರುತ್ತಾರೆ. ಇಸ್ತ್ರಿ ಮಾಡಿದ ಶರ್ಟು, ಕೊರಳಲ್ಲಿ ಐಡಿ ಕಾರ್ಡು. ಹಬ್ಬ ಬಂದರೆ ಪಂಚೆ ಉಟ್ಟು ಪೂಜೆಗೂ ಕೂರುತ್ತಾರೆ. ಇದು ನಾಟಕ ಅಲ್ಲ, ಎರಡೂ ಅವರದೇ ಬದುಕು.

ಗುರುತು ಸಿಗುವುದು ಟೀ ಶರ್ಟಿನಿಂದ. ಮಾಸಿದ ಕಪ್ಪು ಬಟ್ಟೆ, ಅದರ ಮೇಲೆ ಮರದ ಬೇರಿನಂತೆ ಹೆಣೆದುಕೊಂಡ ಅಕ್ಷರಗಳಲ್ಲಿ ಬ್ಯಾಂಡಿನ ಹೆಸರು. ಬೇರೆಯವರಿಗೆ ಅದನ್ನು ಓದಲೂ ಆಗುವುದಿಲ್ಲ. ಮೆಟ್ರೋದಲ್ಲಿ ಆ ಬ್ಯಾಂಡ್ ಗೊತ್ತಿರುವವರು ಯಾರಾದರೂ ನೋಡಿದರೆ ಸುಮ್ನೆ ಒಮ್ಮೆ ತಲೆ ಆಡಿಸುತ್ತಾರೆ. ಅರಮನೆ ಮೈದಾನಕ್ಕೆ 2007ರಲ್ಲಿ ಬ್ರಿಟನ್ನಿನ ಐರನ್ ಮೇಡನ್ ಬ್ಯಾಂಡ್ ಬಂದಿತ್ತು, 2011ರಲ್ಲಿ ಅಮೆರಿಕದ ಮೆಟಾಲಿಕಾ. "ಆವತ್ತು ನೀವೂ ಅಲ್ಲಿದ್ರಾ?" ಅಂತ ಕೇಳಿದರೆ ಸಾಕು, ಮಾತು ಶುರುವಾಗುತ್ತದೆ.

ವೇದಿಕೆ ಮುಂದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕುಣಿಯುವುದನ್ನು ದೂರದಿಂದ ನೋಡಿದರೆ ಜಗಳ ಅನ್ನಿಸುತ್ತದೆ, ಅಲ್ವಾ? ಆದರೆ ಯಾರಾದರೂ ಬಿದ್ದರೆ ಪಕ್ಕದವರು ತಕ್ಷಣ ತೋಳು ಹಿಡಿದು ಎತ್ತಬೇಕು, ಅದು ಅಲ್ಲಿನ ನಿಯಮ. ಕಳಚಿ ಬಿದ್ದ ಶೂ ಸಿಕ್ಕಿದರೆ, ಕಳೆದುಕೊಂಡವರಿಗೆ ಕಾಣಲಿ ಅಂತ ಕೈ ಮೇಲೆತ್ತಿ ಹಿಡಿಯುತ್ತಾರೆ. ನನಗೆ ಈ ಗುಂಪಿನ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ.

ಬೇಸರದ ಸಂಗತಿಯೂ ಇದೆ. ಹುಡುಗಿಯರು ಬ್ಯಾಂಡ್ ಟೀ ಶರ್ಟ್ ಹಾಕಿದರೆ, "ಅವರ ಮೂರು ಹಾಡು ಹೇಳು ನೋಡೋಣ" ಅಂತ ಪರೀಕ್ಷೆ ಮಾಡುವವರು ಈಗಲೂ ಇದ್ದಾರೆ. ಅದು ನಿಲ್ಲಬೇಕು.

ನೀವು ಹೊಸಬರಾದರೆ ಊರಿನ ಬ್ಯಾಂಡುಗಳಿಂದಲೇ ಶುರು ಮಾಡಿ. ಕ್ರಿಪ್ಟೋಸ್ 1998ರಲ್ಲಿ ಬೆಂಗಳೂರಲ್ಲೇ ಹುಟ್ಟಿದ ಬ್ಯಾಂಡ್. ಇಂಥ ಬ್ಯಾಂಡುಗಳ ಕಾರ್ಯಕ್ರಮಕ್ಕೆ ಒಬ್ಬರೇ ಹೋಗಲು ಹಿಂಜರಿಯಬೇಡಿ, ಅಲ್ಲಿ ಒಬ್ಬರೇ ಬಂದವರು ಬೇಕಾದಷ್ಟು ಇರುತ್ತಾರೆ.