ಹೊಲದಲ್ಲಿ ನಾಲ್ಕು ಗಾಂಜಾ ಗಿಡ ಸಿಕ್ಕರೆ

ಸುರಪುರ ತಾಲ್ಲೂಕಿನ ಓದುಗರ ಪ್ರಶ್ನೆ: ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಭಂಗಿ ಸೇದುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಈಗ ನಮ್ಮೂರಿನ ರೈತನೊಬ್ಬ ತೊಗರಿ ನಡುವೆ ನಾಲ್ಕು ಗಿಡ ಬೆಳೆದನೆಂದು ಜೈಲಿಗೆ ಹೋಗಿದ್ದಾನೆ. ಇದು ಯಾವಾಗಿನಿಂದ ಅಪರಾಧ? ಜಾತ್ರೆಯ ಪದ್ಧತಿಗೆ ವಿನಾಯಿತಿ ಇಲ್ವಾ?

ಉತ್ತರ: ವಿನಾಯಿತಿ ಇಲ್ಲ. ದೇವರ ಪ್ರಸಾದ ಎಂದರೂ ಕಾನೂನಿಗೆ ಅದು ಗಾಂಜಾನೇ.

ಬ್ರಿಟಿಷರ ಕಾಲದಲ್ಲಿ ಇದು ಅಬಕಾರಿ ವಿಷಯವಾಗಿತ್ತು. ಲೈಸೆನ್ಸ್ ಕೊಟ್ಟು ತೆರಿಗೆ ವಸೂಲಿ ಮಾಡುತ್ತಿದ್ದರು. 1893ರಲ್ಲಿ ನೇಮಿಸಿದ ಆಯೋಗವೊಂದು ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಮಾತು ಕೇಳಿತು. ಪೂರ್ತಿ ನಿಷೇಧ ಬೇಡ, ಹತೋಟಿ ಸಾಕು ಎಂದಿತು. ಮುಂದೆ ಮಾದಕ ವಸ್ತುಗಳ ಹತೋಟಿಗೆ ವಿಶ್ವಸಂಸ್ಥೆಯ 1961ರ ಒಪ್ಪಂದ ಬಂತು, ಭಾರತವೂ ಅದಕ್ಕೆ ಸೇರಿತು. ಅದಾಗಿ ಎರಡು ದಶಕ ಕಳೆದ ಮೇಲೆ 1985ರಲ್ಲಿ ಮಾದಕ ವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆ ಬಂತು, ನವೆಂಬರ್ 14ರಿಂದ ದೇಶಕ್ಕೆಲ್ಲ ಒಂದೇ ಕಾನೂನಾಯಿತು.

ಈ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. 2022ರಲ್ಲಿ ಬೆಂಗಳೂರಿನಲ್ಲಿ ಎಲೆಯಿಂದ ಮಾಡುವ ಭಾಂಗ್ 29 ಕಿಲೋ ಇಟ್ಟುಕೊಂಡಿದ್ದವನಿಗೆ ನಮ್ಮ ಹೈಕೋರ್ಟ್ ಜಾಮೀನು ಕೊಟ್ಟಿದ್ದು ಇದೇ ಕಾರಣಕ್ಕೆ. ಹಾಗಂತ ಎಲೆ ಮಾರಬಹುದು ಅಂದುಕೊಳ್ಳಬೇಡಿ, ರಾಜ್ಯದ ಅಬಕಾರಿ ಕಾನೂನು ಬೇರೆ ಇದೆ. ಇನ್ನು ನಿಮ್ಮ ಕಡೆ ಚಿಲುಮೆಗೆ ತುಂಬುವ 'ಭಂಗಿ'ಯಲ್ಲಿ ಹೂವಿನ ತುದಿ ಇದ್ದರೆ ಅದು ಗಾಂಜಾನೇ, ಕರೆಯುವ ಹೆಸರು ಏನೇ ಇರಲಿ.

ನನಗೆ ಸಂಕಟ ಆಗುವುದು ಆ ರೈತನ ವಿಷಯದಲ್ಲಿ. ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದರೆ ಶಿಕ್ಷೆ ತೂಕದ ಮೇಲೆ. ಒಂದು ಕಿಲೋಗಿಂತ ಕಡಿಮೆ ಇದ್ದರೆ ಹೆಚ್ಚೆಂದರೆ ಒಂದು ವರ್ಷ ಜೈಲು, ಇಲ್ಲವೇ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ಕಿಲೋದಿಂದ 20 ಕಿಲೋವರೆಗೆ ಇದ್ದರೆ 10 ವರ್ಷದವರೆಗೆ. 20 ಕಿಲೋಗಿಂತ ಜಾಸ್ತಿ ಇದ್ದರೆ ಕನಿಷ್ಠ 10 ವರ್ಷ. ಆದರೆ ಗಿಡ ಬೆಳೆದವನಿಗೆ 20ನೇ ಸೆಕ್ಷನ್‌ನಲ್ಲಿ ಈ ಲೆಕ್ಕವೇ ಇಲ್ಲ. ನಾಲ್ಕು ಗಿಡ ಇರಲಿ, ನಾಲ್ಕು ಎಕರೆ ಇರಲಿ, 10 ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷದವರೆಗೆ ದಂಡ. ಎಷ್ಟು ಕೊಡಬೇಕು ಎನ್ನುವುದು ನ್ಯಾಯಾಧೀಶರ ವಿವೇಚನೆ. ಕೇಜಿಗಟ್ಟಲೆ ಸಾಗಿಸುವವನನ್ನೂ ಬದುವಿನಲ್ಲಿ ಎರಡು ಗಿಡ ನೆಟ್ಟವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಸಂಸತ್ತು ಇದನ್ನು ತಿದ್ದಬೇಕು ಎಂದೇ ನನ್ನ ಅಭಿಪ್ರಾಯ.

ಆ ಕುಟುಂಬಕ್ಕೆ ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಯಾದಗಿರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಲು ಹೇಳಿ. ಬಂಧನದಲ್ಲಿರುವವರಿಗೆ ಅಲ್ಲಿ ವಕೀಲರ ನೆರವು ಉಚಿತ.