ಬೀರುವಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿದಿದೆ. ಪೇಂಟ್ ಹೊಡೆಸಲಾ, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಮಷಿನ್) ತಗೊಳ್ಳಲಾ?

ಬೀರು, ಅದರ ಹಿಂದೆ ಕಪ್ಪು ಚುಕ್ಕೆ, ಮೂಗಿಗೆ ಹಳೆ ಗೋಣಿಚೀಲದ ವಾಸನೆ. ನನ್ನದೇ ಕಥೆ ಓದಿದ ಹಾಗಾಯಿತು. ಸದ್ಯಕ್ಕೆ ಎರಡೂ ಬೇಡ. ಪೇಂಟ್ ಡಬ್ಬ ತಂದಿಟ್ಟಿದ್ದರೆ ಮುಚ್ಚಳ ತೆಗೆಯದೆ ವಾಪಸ್ ಕೊಟ್ಟು ಬನ್ನಿ.

ನಮ್ಮದು ತೀರ್ಥಹಳ್ಳಿ ಕಡೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುವ ಆಗುಂಬೆ ನಮ್ಮದೇ ತಾಲ್ಲೂಕು. 2018ರಲ್ಲಿ ಹಂಚಿನ ಮನೆ ಬಿಟ್ಟು ಆರ್‌ಸಿಸಿ ಮನೆಗೆ ಬಂದೆವು. ಹಳೆ ಮನೆಯಲ್ಲಿ ಅಪ್ಪ ಮಳೆಗಾಲಕ್ಕೆ ಮುಂಚೆಯೇ ಪಶ್ಚಿಮದ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು, ಎರಚಲು ಬಡಿಯಬಾರದು ಅಂತ. ಹೊಸ ಮನೆಗೆ ಅದೆಲ್ಲ ಚೆಂದ ಕಾಣಲ್ಲ ಅಂದೆ. ಅಪ್ಪ ಏನೂ ಅನ್ನಲಿಲ್ಲ.

ಮೊದಲ ಜುಲೈನಲ್ಲೇ ಮಲಗುವ ಕೋಣೆಯ ಪಶ್ಚಿಮದ ಗೋಡೆಯಲ್ಲಿ, ಕಿಟಕಿ ಪಕ್ಕ, ಅಂಗೈ ಅಗಲ ಬೂಷ್ಟು. ನಾನು ಬ್ಲೀಚ್ ಹಾಕಿ ಉಜ್ಜಿದೆ. ಎರಡು ದಿನ ಫ್ಯಾನ್ ಬಿಟ್ಟೆ. ಮುಟ್ಟಿ ನೋಡಿದೆ, ಒಣಗಿತ್ತು. ಅಂಗಡಿಯವನು ಕೊಟ್ಟ ವಾಟರ್‌ಪ್ರೂಫ್ ಪೇಂಟ್ ಎರಡು ಕೋಟ್ ಬಳಿದೆ. ಗೋಡೆ ಹಾಲಿನ ಹಾಗೆ ಬೆಳ್ಳಗಾಯಿತು.

ಇಲ್ಲಿ ಸ್ವಲ್ಪ ನಿಧಾನಿಸಿ ಓದಿ, ನಾನು ಕೆಟ್ಟಿದ್ದು ಇಲ್ಲೇ. ಒಣಗಿದ್ದು ಗೋಡೆಯಲ್ಲ, ಗೋಡೆಯ ಚರ್ಮ. ಗಾರೆ ಅನ್ನೋದು ರಸ್ಕ್ ಇದ್ದ ಹಾಗೆ, ನೀರು ಕುಡಿದು ಒಳಗಿಟ್ಟುಕೊಳ್ಳುತ್ತದೆ. ಮೇಲೆ ಮುಟ್ಟಿದರೆ ಗೊತ್ತೇ ಆಗಲ್ಲ. ಬ್ಲೀಚಿನದೂ ಅದೇ ಕಥೆ. ಅದರ ಕ್ಲೋರಿನ್ ಮೇಲಿನ ಕಪ್ಪನ್ನು ಬಿಳಿ ಮಾಡಿ ಅಲ್ಲೇ ಮುಗಿಯುತ್ತದೆ, ಜೊತೆಗಿರುವ ನೀರು ಮಾತ್ರ ಗಾರೆಯೊಳಗೆ ಇಳಿಯುತ್ತದೆ. ಅಂದರೆ ಬೂಷ್ಟಿಗೆ ನಾನೇ ನೀರು ಹನಿಸಿದೆ. ಆಮೇಲೆ ಪೇಂಟ್ ಹೊಡೆದು ಆ ನೀರು ಕೋಣೆಯ ಕಡೆ ಆರಿಹೋಗುವ ದಾರಿಯನ್ನೂ ಮುಚ್ಚಿದೆ. ಹೊರಗಿನಿಂದ ನೀರು ಬರುವುದು ನಿಂತಿರಲಿಲ್ಲ. ಅದು ಎಲ್ಲಿಂದ ಬರುತ್ತಿದೆ ಅಂತ ಒಂದು ಸಲವೂ ಹೊರಗೆ ಹೋಗಿ ನೋಡಿರಲಿಲ್ಲ, ಅದೇ ತಪ್ಪು! ಸಾಲದ್ದಕ್ಕೆ ಬೆಳ್ಳಗಾದ ಗೋಡೆಗೆ ಬೀರುವನ್ನು ಒತ್ತರಿಸಿ ಇಟ್ಟೆ.

2019ರ ಆಗಸ್ಟ್ ಮಳೆ ಮಲೆನಾಡಿನವರಿಗೆ ನೆನಪಿರುತ್ತೆ. ಆ ವಾರವೇ ಬೀರು ತೆಗೆದರೆ ವಾಸನೆ. ಎಳೆದು ನೋಡಿದರೆ ಪೇಂಟ್ ಪೂರಿಯ ಹಾಗೆ ಉಬ್ಬಿತ್ತು. ಉಗುರಿನಿಂದ ಚುಚ್ಚಿದೆ, ನೀರು ಇಳಿಯಿತು. ಒಳಗೆಲ್ಲ ಕಪ್ಪು. ಬೀರುವಿನ ಹಿಂದಿನ ಪ್ಲೈವುಡ್ ಬೆರಳಿಗೆ ಹಪ್ಪಳದಂತೆ ಮುರಿದು ಬಂತು. ಹೆಂಡತಿಯ ಧಾರೆ ಸೀರೆಯ ಮಡಿಕೆಗಳಲ್ಲಿ ಹಸಿರು ಕಲೆ, ಜರಿ ಕಪ್ಪಾಗಿತ್ತು. ಅದರ ಬಗ್ಗೆ ಈಗಲೂ ನಮ್ಮ ಮನೆಯಲ್ಲಿ ಮಾತು ತೆಗೆಯುವ ಹಾಗಿಲ್ಲ.

ಮೇಸ್ತ್ರಿ ಬಂದು ನೋಡಿ, "ಹೊರಗೆ ಮಳೆ, ಒಳಗೆ ನೀವು ಬಾಗ್ಲು ಹಾಕಿದ್ರಿ. ನೀರು ಹೋಗೋದೆಲ್ಲಿಗೆ ಸ್ವಾಮಿ?" ಅಂದರು. ಆಮೇಲೆ ಹೊರಗೆ ಪೈಪ್ ಹಿಡಿದು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಅಡಿ ನೀರು ಬಿಡುತ್ತಾ ಹೋದರು. ಕಿಟಕಿಯ ಸಜ್ಜಾ ಗೋಡೆಗೆ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು. ಅಷ್ಟೇ! ಬೇಸಿಗೆ ಬಂದ ಮೇಲೆ ಅದನ್ನು ಕೆತ್ತಿ ತುಂಬಿಸಿದರು. ಒಳಗೆ ಗಾರೆಯನ್ನು ಇಟ್ಟಿಗೆಯವರೆಗೂ ಉದುರಿಸಿ, ಎರಡು ತಿಂಗಳು ಹಾಗೇ ಬಿಟ್ಟು, ಹೊಸ ಗಾರೆ ಮಾಡಿಸಿ ಬರೀ ಸುಣ್ಣ ಬಳಿಸಿದೆವು. ಸುಣ್ಣ ಕ್ಷಾರ, ಬೂಷ್ಟಿಗೆ ಆಗಿಬರಲ್ಲ. ಗೋಡೆಯ ತೇವ ಆರುವುದಕ್ಕೂ ಅಡ್ಡ ಬರಲ್ಲ.

ನೀವು ಮೊದಲು ಬೀರುವನ್ನು ಒಂದು ಗೇಣು ಮುಂದಕ್ಕೆ ಎಳೆಯಿರಿ. ಗೋಡೆಯ ಮೇಲೆ ಬಿಳಿ ಪುಡಿಯೂ ಇದ್ದರೆ ಒಂದು ಹನಿ ನೀರು ಹಾಕಿ. ಕರಗಿದರೆ ಅದು ಬೂಷ್ಟಲ್ಲ, ಗೋಡೆ ಬಿಟ್ಟ ಉಪ್ಪು. ಆಮೇಲೆ ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಗೋಡೆ ಕಡೆಯ ಮೈ ಬೆವರಿದ್ದರೆ ನೀರು ಗೋಡೆಯೊಳಗಿದೆ: ಹೊರಗಿನ ಬಿರುಕು, ಟೆರೇಸು, ಪಕ್ಕದ ಬಚ್ಚಲಿನ ಪೈಪು ನೋಡಬೇಕು. ಆಗ ಡಿಹ್ಯುಮಿಡಿಫೈಯರ್ ಹಾಕಿದರೆ ಸುಮ್ನೆ ಕರೆಂಟ್ ದಂಡ. ಕೋಣೆ ಕಡೆಯ ಮೈ ಬೆವರಿದ್ದರೆ ಮಾತ್ರ ಗಾಳಿಯ ತೇವ. ಒಳಗೆ ಬಟ್ಟೆ ಒಣಗಿಸೋದು ನಿಲ್ಲಿಸಿ, ಗಾಳಿ ಆಡಲು ಬಿಡಿ. ಅದಕ್ಕೂ ಬಗ್ಗದಿದ್ದರೆ ಆ ಮಷಿನ್ ತಗೊಳ್ಳಿ, ಕೋಣೆಯ ಗಾಳಿಯ ತೇವಾಂಶ ಶೇಕಡಾ 60ಕ್ಕಿಂತ ಕೆಳಗಿರಲಿ.

ಬೂಷ್ಟನ್ನು ಒಣ ಬ್ರಷ್‌ನಲ್ಲಿ ಕೆರೆಯಬೇಡಿ, ಮನೆಯೆಲ್ಲ ಹಾರುತ್ತೆ. ಎನ್95 ಮಾಸ್ಕ್ ಹಾಕಿ, ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಬಿಸಾಕಿ. ಬ್ಲೀಚ್ ಮುಟ್ಟಲೇಬೇಕು ಅಂತಿದ್ದರೆ ಬಚ್ಚಲು ತೊಳೆಯುವ ಆಸಿಡ್ ಹತ್ತಿರಕ್ಕೂ ತರಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತೆ.

ಪ್ಲಾಸ್ಟಿಕ್ ಯಾವ ಕಡೆ ಬೆವರಿತು ಅಂತ ಕೆಳಗೆ ಬರೆಯಿರಿ, ನೋಡಿ ಹೇಳ್ತೀನಿ. ಹೊರಗಿನ ಗೋಡೆಯದೂ ಒಂದು ಫೋಟೋ ಇರಲಿ, ಸಜ್ಜಾ ಕಾಣುವ ಹಾಗೆ.